ಪದಸೂಚಿಯಲ್ಲಿ ಅಮ್ಮ

ಜನವರಿ ೧೧

ವಟವಟ,

ನಾನು ಚೆನ್ನಾಗಿದ್ದೇನೆ, ಮಂಡಿ ಚೆನ್ನಾಗಿಲ್ಲ. ಹೊಸ ಮಂಡಿ ಕೂರಿಸಿದ ಡಾಕ್ಟರು ದಿನಾ ನಡೆಯಬೇಕು ಅಂದರು. ವ್ಯಾಯಾಮ ಮಾಡಿಸಲು ಬರುವವಳು ಜಾಸ್ತಿ ನಡೆಯಬಾರದು ಅಂದಳು. ಇಬ್ಬರ ಮಾತನ್ನೂ ಉಳಿಸಿಕೊಂಡು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೇನೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕೂರಬೇಕೆನಿಸುತ್ತದೆ. ಪುಸ್ತಕದ ವಿಷಯದಲ್ಲೂ ಅದೇ ಪಾಡು. ಈ ವಾರ ಕೈಗೆತ್ತಿಕೊಂಡ ಯಾವುದನ್ನೂ ಮುಗಿಸಲಿಲ್ಲ.

ಪುಸ್ತಕಗಳನ್ನು ಲೈಬ್ರರಿಯವರೇ ಮನೆಗೆ ಹೋಗುವ ದಾರಿಯಲ್ಲಿ ತಂದುಕೊಡುತ್ತಾರೆ. ಅದೇ, ಮಾತಿಗಿಂತ ಕೆಮ್ಮೇ ಜಾಸ್ತಿ ಇರುವವರು. ಕಥೆ ಕಾದಂಬರಿ ಬೇಡವೇ ಎಂದು ಬಂದಾಗಲೆಲ್ಲ ಕೇಳುತ್ತಾರೆ. ಬೇಡವೆನ್ನುತ್ತೇನೆ. ಕಥೆಯಲ್ಲಿ ಯಾರದೋ ಕಷ್ಟವನ್ನು ತಲೆಗೆ ಕಟ್ಟಿಕೊಂಡು ಅತ್ತು, ಕೊನೆಗೆ ನೋಡಿದರೆ ಎಲ್ಲ ಸುಳ್ಳು. ತಿಳಿವಳಿಕೆಯ ಪುಸ್ತಕದಲ್ಲಾದರೆ ಬರೆದವರು ತಪ್ಪಿದಾಗ ಹಿಡಿಯಬಹುದು.

ಹಾವುಮೀನಿನ ಬಗ್ಗೆ ಒಂದು ಪುಸ್ತಕ ಬಂತು. ಅವು ಮೊಟ್ಟೆ ಇಡಲು ಸಮುದ್ರದ ಯಾವುದೋ ಮೂಲೆಗೆ ಹೋಗುತ್ತವಂತೆ, ಇಡುವುದನ್ನು ಮಾತ್ರ ಯಾರೂ ಕಂಡಿಲ್ಲವಂತೆ. ಬರೆದವನು ಅದಕ್ಕೆ ಬೇಜಾರು ಮಾಡಿಕೊಂಡಿದ್ದಾನೆ. ನನಗೆ ಮೀನಿನ ಮೇಲೆ ಗೌರವ ಬಂತು. ಮಣ್ಣಿನ ಬಗ್ಗೆ ಬರೆದವಳು ಒಳ್ಳೆಯವಳು, ಕೈ ತೊಳೆಯದೆ ಬರೆಯಲು ಕೂತಂತಿದೆ. ಲಿಫ್ಟಿನ ಚರಿತ್ರೆ ಬರೆದವನು ಮಹಾ ಕೊರೆತ, ಒಂದೊಂದು ಅಂತಸ್ತಿಗೂ ನಿಲ್ಲಿಸುತ್ತಾನೆ.

ನಾನು ಇವನ್ನೆಲ್ಲ ಓದುವ ಕ್ರಮ ನಿನಗೆ ಗೊತ್ತೇ ಇದೆ. ಮೊದಲು ಕೊನೆಯ ಪದಸೂಚಿ. ಅದರಲ್ಲಿ ಕಣ್ಣಿಗೆ ಬಿದ್ದ ಪದ ಹಿಡಿದು ಆ ಪುಟಕ್ಕೆ ಹಾರುವುದು, ಅಲ್ಲಿಂದ ಇನ್ನೊಂದು ಪದಕ್ಕೆ. ಟೆಲಿಫೋನ್ ವಿಚಾರಣೆಯಲ್ಲಿ ಅಷ್ಟು ವರ್ಷ ಕೂತು, ಹೆಸರು ಹೇಳಿದವರಿಗೆ ನಂಬರು ಹುಡುಕಿ ಕೊಟ್ಟವಳಿಗೆ ಬೇರೆ ಓದು ಎಲ್ಲಿಂದ ಬರಬೇಕು?

ನೀನು ಕಳಿಸಿದ ಕಟ್ಟು ಬಂತು. ರೇಡಿಯೋ ಮೇಲೆ ಇಟ್ಟಿದ್ದೇನೆ. ಇನ್ನೂ ಬಿಚ್ಚಿಲ್ಲ.

ಫೋನ್ ಹಾಕಿಸಿಕೋ ಎಂದು ಮತ್ತೆ ಬರೆಯಬೇಡ. ಬದುಕಿಗೆ ಸಾಕಾಗುವಷ್ಟು ಫೋನ್ ಹಿಡಿದಿದ್ದೇನೆ.

ಇತಿ,
ನಡೆದು ನಡೆದು ಎಲ್ಲೂ ತಲುಪದ ನಿನ್ನ ಅಮ್ಮ


ಜನವರಿ ೨೯

ಅಮ್ಮ,

ಹಾವುಮೀನಿನ ಸಮಾಚಾರಕ್ಕೆ ಥ್ಯಾಂಕ್ಸ್. ರೇಡಿಯೋ ಮೇಲಿರುವುದು ನಾನು ನಾಲ್ಕು ವರ್ಷ ಕೂತು ಬರೆದ ಪುಸ್ತಕ. ಅದನ್ನೂ ಒಮ್ಮೆ ಲಿಫ್ಟಿನವನ ಸಾಲಿಗೆ ಸೇರಿಸಿ ಬೈದುಬಿಡು, ಆದರೆ ಬಿಚ್ಚು.

ಪುಸ್ತಕ ಇರುವುದು ಕೇಳಿಸಿಕೊಳ್ಳುವುದರ ಬಗ್ಗೆ. ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಕಿವಿ ಪರೀಕ್ಷೆ ಮಾಡುತ್ತೇನಲ್ಲ, ಅಲ್ಲಿ ಕಂಡದ್ದು, ಕಿವಿಯ ಒಳಗಿನ ಕಸುಬು, ಸದ್ದಿನ ಚರಿತ್ರೆ, ಎಲ್ಲ ಇದೆ. ಮೂರನೇ ಅಧ್ಯಾಯದಲ್ಲಿ ನೀನಿದ್ದೀಯ. ನಿನ್ನ ಒಪ್ಪಿಗೆ ಇಲ್ಲದೆ ಅಚ್ಚಿಗೆ ಕೊಡುವುದಿಲ್ಲ ಎಂದು ಪ್ರಕಾಶನದ ಸಂಪಾದಕಿ ಹಟ ಹಿಡಿದಿದ್ದಾಳೆ. ಮಾರ್ಚ್ ಮುಗಿಯುವುದರೊಳಗೆ ಹೇಳಬೇಕು. ಹೂಂ ಅನ್ನು, ಇಲ್ಲ ಉಹುಂ ಅನ್ನು.

ಈ ವಾರ ಮತ್ತೆ ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿದ್ದೇನೆ. ಕಪಾಟಿನಷ್ಟು ದೊಡ್ಡ ಪೆಟ್ಟಿಗೆಯೊಳಗೆ ಒಬ್ಬೊಬ್ಬರನ್ನೇ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತೇನೆ. ಸದ್ದು ಕೇಳಿದರೆ ಗುಂಡಿ ಒತ್ತಬೇಕು. ಕೆಲವರು ಸದ್ದೇ ಇಲ್ಲದಾಗಲೂ ಒತ್ತುತ್ತಾರೆ. ಮೋಸ ಮಾಡಲು ಅಲ್ಲ. ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದರೆ ಬಾರದ ಸದ್ದೂ ಬಂದುಬಿಡುತ್ತದೆ.

ನಿನಗೋಸ್ಕರ ಪದಸೂಚಿಯನ್ನು ನಾನೇ ಕೂತು ಮಾಡಿದ್ದೇನೆ. ಎಲ್ಲಿಂದ ಶುರು ಮಾಡುತ್ತೀಯೆಂದು ಗೊತ್ತಿರುವ ಮಗಳು ನಾನು.

ಕಾಯುತ್ತಿರುವ,
ವಟವಟ


ಫೆಬ್ರವರಿ ೧೦

ವಟವಟ,

ತಿಮಿಂಗಿಲದ ಪುಸ್ತಕ ಓದಿದೆ, ಅಂದರೆ ‘ಕಿವಿ’ ಮತ್ತು ‘ದವಡೆ’ ಇರುವ ಪುಟಗಳನ್ನು. ಹಲ್ಲಿರುವ ತಿಮಿಂಗಿಲಗಳಿಗೆ ದವಡೆಯ ಮೂಲಕವೇ ಸದ್ದು ಕಿವಿಗೆ ಹೋಗುತ್ತದಂತೆ. ಮಾತಾಡುವ ಜಾಗದಲ್ಲೇ ಕೇಳಿಸಿಕೊಳ್ಳುವ ಅನುಕೂಲ ಮನುಷ್ಯರಿಗಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಮೇಲೆ ಒಬ್ಬ ಶಸ್ತ್ರವೈದ್ಯನ ಆತ್ಮಕಥೆ. ಪದಸೂಚಿಯಲ್ಲಿ ‘ಪ್ರಶಸ್ತಿ’ ಅನ್ನುವುದರ ಮುಂದೆ ಪುಟಗಳ ಮೆರವಣಿಗೆಯೇ ಇದೆ, ‘ಹೆಂಡತಿ’ ಒಂದೇ ಪುಟ. ಆ ಪುಟ ತೆಗೆದರೆ ಅವಳು ಬಾಗಿಲು ತೆಗೆಯುತ್ತಾಳೆ, ಅಷ್ಟೇ. ಮುಚ್ಚಿಟ್ಟೆ.

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿನ್ನ ಕಟ್ಟು ಬಿಚ್ಚಿದೆ. ಪದಸೂಚಿ ಮಾತ್ರ ನೋಡಿದೆ.

‘ಅಮ್ಮ’ ಎಂಬ ಪದದ ಕೆಳಗೆ ಹೀಗಿದೆ: ಕೆಲಸದ ದನಿ, ೬೧. ಗಂಟಲು ನೋವು, ೫೮. ‘ಬಾಯಿ ಮುಚ್ಚು’ ಎನ್ನುವುದು, ೫೭, ೫೯, ೬೦, ೬೪. ಮನೆಗೆ ಮರಳಿದ್ದು, ೬೧. ಮೌನ, ೫೫ರಿಂದ ೬೯. ಅಷ್ಟೇ. ಅಕ್ಷರಗಳ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಲ್ಲಿಸಿದ್ದೀಯ.

ನನಗೆ ಬೇಜಾರಾಗಿದೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಶಸ್ತ್ರವೈದ್ಯನ ಹೆಂಡತಿಯಾದರೂ ಬಾಗಿಲು ತೆಗೆದಳು. ಅಡ್ಡಾಡುತ್ತಾ ಪಾತ್ರೆ ಜೋಡಿಸಿದೆ, ಮತ್ತೆ ಕೆಳಗಿಳಿಸಿದೆ, ಮತ್ತೆ ಜೋಡಿಸಿದೆ. ಪುಟಗಳನ್ನು ಓದುವ ಧೈರ್ಯ ಬಂದಾಗ ಓದುತ್ತೇನೆ. ಅವಸರ ಮಾಡಬೇಡ.

ಇತಿ,
ಐವತ್ತೈದರಿಂದ ಅರವತ್ತೊಂಬತ್ತರವರೆಗಿನ ಅಮ್ಮ


ಫೆಬ್ರವರಿ ೨೭

ವಟವಟ,

ನಿನ್ನಿಂದ ಉತ್ತರ ಬಂದಿಲ್ಲ. ಮುಖ ಊದಿಸಿಕೊಂಡಿರಬೇಕು. ಇರಲಿ.

ಒಂದು ಪ್ರಶ್ನೆ. ಈಗ ಕೈಯಲ್ಲಿರುವುದು ನಕ್ಷೆ ಬರೆಯುವವರ ಚರಿತ್ರೆ. ಹಿಂದೆ ಯಾರೋ ನಾವಿಕರು ಮೋಡವನ್ನೋ ಮಂಜನ್ನೋ ಕಂಡು ದ್ವೀಪ ಎಂದು ಬರೆದಿಟ್ಟರಂತೆ. ಅದನ್ನು ನೋಡಿ ಮುಂದಿನವರೂ ಬರೆದರು. ತಲೆಮಾರುಗಳ ಕಾಲ ನಕ್ಷೆಯಲ್ಲಿ ದ್ವೀಪ ಇತ್ತು, ಸಮುದ್ರದಲ್ಲಿ ಇರಲಿಲ್ಲ. ಅದಕ್ಕೆ ಬಡಿದೀತೆಂದು ಹಡಗಿನವರು ದೂರ ಸುತ್ತಿಕೊಂಡು ಹೋಗುತ್ತಿದ್ದರೇನೋ ಎಂದು ನನಗನಿಸಿತು.

ಒಬ್ಬಳು ನಕ್ಷೆ ಬರೆದಿದ್ದಾಳೆ ಎಂದಿಟ್ಟುಕೋ. ಚೆಂದದ ನಕ್ಷೆ. ಅವಳ ದಾರಿಗಳೆಲ್ಲ ಆ ದ್ವೀಪವನ್ನು ಸುತ್ತಿಕೊಂಡೇ ಹೋಗುತ್ತವೆ. ಅಲ್ಲಿ ದ್ವೀಪವಿಲ್ಲವೆಂದು ಗೊತ್ತಿರುವವರು ಹೇಳಬೇಕೋ, ಸುಮ್ಮನಿರಬೇಕೋ?

ಮೂರನೇ ಅಧ್ಯಾಯ ಓದಿದೆ. ಚೆನ್ನಾಗಿ ಬರೆದಿದ್ದೀಯ. ಓದಿದಾಗಿನಿಂದ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಕೆಳಗಿನ ಮನೆಯವರು ಬಂದು, ಹೊಸ ಮಂಡಿ ಬಹಳ ಸದ್ದು ಮಾಡುತ್ತದಲ್ಲ ಎಂದು ನಯವಾಗಿ ಹೇಳಿಹೋದರು.

ಇತಿ,
ಅಮ್ಮ


ಮಾರ್ಚ್ ೬

ಅಮ್ಮ,

ನಿನ್ನ ದ್ವೀಪ ನನಗೆ ಅರ್ಥವಾಗಲಿಲ್ಲ. ನಿನಗೆ ನೋವಾಗಿದೆ, ಅದು ಅರ್ಥವಾಯಿತು. ಆದರೆ ಆ ಫೋನ್ ಕರೆಯನ್ನು ತೆಗೆ ಎಂದು ಮಾತ್ರ ಕೇಳಬೇಡ. ಅದನ್ನು ತೆಗೆದರೆ ಪುಸ್ತಕವೇ ಉಳಿಯುವುದಿಲ್ಲ. ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ನಾನು ಬಂದದ್ದೇ ಅದರಿಂದ. ಮೊದಲ ವಾಕ್ಯದಲ್ಲಿ ಅದರ ಮಾತಿದೆ, ಕೊನೆಯ ವಾಕ್ಯದಲ್ಲೂ ಇದೆ.

ನೀನು ಮರೆತಿರಬಹುದು, ಅದಕ್ಕೆ ಇನ್ನೊಮ್ಮೆ ಹೇಳುತ್ತೇನೆ. ನನಗೆ ಜ್ವರ. ಅಪ್ಪ ತೀರಿಕೊಂಡ ಮುಂದಿನ ವರ್ಷ. ಬೀಗ ಹಾಕಿಕೊಂಡು ಮಲಗಿರು ಎಂದು ಹೇಳಿ ನೀನು ಕೆಲಸಕ್ಕೆ ಹೋಗಿದ್ದೆ. ಹೊರಗೆ ಮಳೆ. ಹೆದರಿಕೆಯಾಗಿ ವಿಚಾರಣೆಯ ನಂಬರಿಗೆ ಫೋನ್ ಮಾಡಿದೆ. ನೀನು ಎತ್ತಿದೆ. “ವಿಚಾರಣೆ. ಯಾರ ಹೆಸರು ಬೇಕು?” ಅಂದೆ. ನಾನು “ಅಮ್ಮಾ” ಅಂದೆ. ನೀನು “ಪೂರ್ತಿ ಹೆಸರು ಹೇಳಿ” ಅಂದೆ. ನಾನು “ಅಮ್ಮಾ, ನಾನು” ಅಂದೆ. ನೀನು “ಆ ಹೆಸರಿನಲ್ಲಿ ಯಾರೂ ಇಲ್ಲ” ಎಂದು ಹೇಳಿ ಇಟ್ಟುಬಿಟ್ಟೆ.

ಮೇಲಿನವರು ಹಿಂದೆ ನಿಂತಿದ್ದಿರಬಹುದು, ಬೇರೆ ದಾರಿ ಇರಲಿಲ್ಲವೇನೋ ಎಂದು ನಾನೇ ಬರೆದಿದ್ದೇನೆ. ನಿನ್ನನ್ನು ಕೆಟ್ಟವಳು ಮಾಡಿಲ್ಲ. ಆದರೆ ಆವತ್ತಿನಿಂದ ನಾನು ಮನೆಯಲ್ಲಿ ಮಾತು ಕಡಿಮೆ ಮಾಡಿದೆ. ಅದು ನಿನ್ನ ಗಮನಕ್ಕೆ ಬರಲಿಲ್ಲ. ವಟವಟ ಎಂದು ಹೆಸರಿಟ್ಟವಳಿಗೆ, ವಟಗುಟ್ಟುವುದು ನಿಂತದ್ದು ಗೊತ್ತಾಗಲಿಲ್ಲ.

ಹೂಂ ಅನ್ನುತ್ತೀಯೋ ಇಲ್ಲವೋ?

ಮಗಳು


ಮಾರ್ಚ್ ೧೫

ಮಗಳೇ,

ಮೂರು ಸಲ ಬರೆದು ಹರಿದೆ. ಸುಮ್ಮನಿದ್ದುಬಿಡೋಣ ಎಂದೂ ಅನಿಸಿತು. ನಿನ್ನ ಪುಸ್ತಕ ಅಷ್ಟು ಚೆನ್ನಾಗಿ ನಿಂತಿದೆ, ಅದರ ಬುಡಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ. ಆದರೆ ತಿಳಿವಳಿಕೆಯ ಪುಸ್ತಕದಲ್ಲಿ ತಪ್ಪಿದ್ದರೆ ಹಿಡಿಯಬಹುದು ಎಂದವಳೂ ನಾನೇ.

ಅದು ನಾನಲ್ಲ.

ನೀನು ಮೊದಲ ಪುಟದಿಂದ ಬರೆದವಳು, ನಾನು ಕೊನೆಯಿಂದ ಓದಿದವಳು. ಪದಸೂಚಿಯಲ್ಲಿ ‘ಕೆಲಸದ ದನಿ’ ೬೧, ‘ಮನೆಗೆ ಮರಳಿದ್ದು’ ೬೧. ನಾನು ಒಂದೇ ಪುಟದಲ್ಲಿ ಎರಡು ಕಡೆ ಹೇಗಿದ್ದೇನು? ಅದು ಏನೆಂದು ನೋಡಲೆಂದೇ ಆ ಪುಟ ತೆಗೆದೆ. ನೀನೇ ಬರೆದಿದ್ದೀಯ: ಫೋನಿನ ಹಿಡಿ ಇನ್ನೂ ನಿನ್ನ ಕೈಯಲ್ಲಿ ಬೆಚ್ಚಗಿತ್ತು, ಅಷ್ಟರಲ್ಲಿ ಬಾಗಿಲಲ್ಲಿ ಕೀಲಿ ತಿರುಗಿತು, ಅಮ್ಮ ಬಂದಳು, ಒದ್ದೆ ಕೊಡೆಯನ್ನು ಮೂಲೆಗಿಟ್ಟು ಹಣೆ ಮುಟ್ಟಿ ನೋಡಿ ಮಾತಿಲ್ಲದೆ ಒಳಗೆ ಹೋದಳು.

ಕಚೇರಿಯಿಂದ ಮನೆಗೆ ಬರಲು ಎರಡು ಬಸ್ಸು ಹಿಡಿಯಬೇಕಿತ್ತು, ನಡುವೆ ಸೇತುವೆ ದಾಟಿ ನಡೆಯಬೇಕಿತ್ತು. ನೀನೂ ಎಷ್ಟು ಸಲ ನನ್ನ ಜೊತೆ ಬಂದಿಲ್ಲ? ನೀನು ಫೋನಿನಲ್ಲಿ ಅಮ್ಮಾ ಅನ್ನುತ್ತಿದ್ದಾಗ ನಾನು ನಮ್ಮ ಬೀದಿಯ ತಿರುವಿನಲ್ಲಿದ್ದೆ. ನಿನಗೆ ಜ್ವರವೆಂದು ರಜೆ ಕೇಳಿ, ಮೇಲ್ವಿಚಾರಕಿಯ ಜೊತೆ ಜಗಳವಾಡಿ ಓಡಿಬಂದಿದ್ದೆ. ‘ದೊಡ್ಡ ಕಿವಿ’ ಎನ್ನುತ್ತಿದ್ದೆವಲ್ಲ ನಾವೆಲ್ಲ, ಅವಳೇ.

ಆ ಹಾಲಿನಲ್ಲಿ ಸಾಲು ಸಾಲಾಗಿ ಹೆಂಗಸರು ಕೂತಿದ್ದೆವು. ಬಂದ ಕರೆ ಯಾವ ಮೇಜು ಖಾಲಿಯಿದೆಯೋ ಅಲ್ಲಿಗೆ ಬೀಳುತ್ತಿತ್ತು. ದೊಡ್ಡ ಕಿವಿ ನಮಗೆಲ್ಲ ತಿಂಗಳುಗಟ್ಟಲೆ ದನಿ ತಿದ್ದಿಸಿದ್ದಳು. “ಯಾರು ಮಾತಾಡ್ತಿದ್ದಾರೆ ಅಂತ ಗೊತ್ತಾಗಬಾರದು, ಕಚೇರಿ ಮಾತಾಡ್ತಿದೆ ಅನ್ನಿಸಬೇಕು” ಅನ್ನುತ್ತಿದ್ದಳು. ಅದರಲ್ಲಿ ಎಷ್ಟು ಗೆದ್ದಳೆಂದರೆ, ಒಮ್ಮೆ ನನ್ನ ಪಕ್ಕದ ಮೇಜಿನವಳ ಗಂಡ ಫೋನ್ ಮಾಡಿ ನನ್ನ ಜೊತೆ ಸರಸದ ಮಾತಾಡಿದ. ನಾನು ಪೂರ್ತಿ ಹೆಸರು ಕೇಳಿದ ಮೇಲೆ ಇಟ್ಟ. ಅದನ್ನು ನೆನೆಸಿಕೊಂಡು ನಾವು ವರ್ಷವಿಡೀ ನಕ್ಕಿದ್ದೇವೆ.

ಆವತ್ತು ನಿನ್ನ ಕರೆ ಎತ್ತಿದವಳು ಆ ಪಕ್ಕದ ಮೇಜಿನವಳಿರಬಹುದು, ಬೇರೆ ಯಾರಾದರೂ ಇರಬಹುದು. ನಿಜವಾಗಿ ಆ ಹೆಸರಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ನಾನು ಹೊರಟಾಗಿತ್ತು.

ಉಳಿದದ್ದು ಸರಿಯಾಗಿದೆ. ಹಣೆ ಮುಟ್ಟಿ, ಮಾತಾಡದೆ ಒಳಗೆ ಹೋದದ್ದು ನಾನೇ. ಬಾಯಿ ಮುಚ್ಚು ಎಂದದ್ದೂ ನಾನೇ, ನೀನು ಬರೆದಿರುವುದಕ್ಕಿಂತ ಹೆಚ್ಚು ಸಲ. ಅವನ್ನು ತೆಗೆಯಬೇಡ. ನನ್ನ ಉತ್ತರ ಹೂಂ. ದ್ವೀಪವನ್ನು ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ನಕ್ಷೆ ನಿನ್ನದು.

ಇತಿ,
ಬೀದಿಯ ತಿರುವಿನಲ್ಲಿದ್ದ ನಿನ್ನ ಅಮ್ಮ


ಮಾರ್ಚ್ ೨೨

ಅಮ್ಮ,

ನಾನು ಸಾವಿರಾರು ಜನರ ಕಿವಿ ನೋಡಿದವಳು. ಹೆತ್ತ ತಾಯಿಯ ದನಿ ಗೊತ್ತಾಗಲಿಲ್ಲ ಅಂದರೆ ಹೇಗೆ ನಂಬಲಿ?

ಸುಳ್ಳು ಹೇಳುತ್ತಿದ್ದೀಯ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಅರವತ್ತೊಂದನೇ ಪುಟವನ್ನು ಎಷ್ಟು ಸಲ ಓದಿದೆನೋ. ಬಸ್ಸು, ಸೇತುವೆ, ಎಲ್ಲ ನನಗೆ ಗೊತ್ತಿದ್ದದ್ದೇ. ಕೊಡೆ ಒದ್ದೆಯಿತ್ತೆಂದು ಬರೆದವಳೂ ನಾನೇ. ಸಂಪಾದಕಿ ಓದಿದಳು, ಕರಡು ತಿದ್ದುವವರು ಓದಿದರು, ಯಾರಿಗೂ ಕಾಣಲಿಲ್ಲ. ಕ್ರಮವಾಗಿ ಓದಿದವರಿಗೆ ಕಾಣುವುದೇ ಇಲ್ಲ.

ನನಗೆ ಸಿಟ್ಟು ಬಂದಿದೆ, ಯಾರ ಮೇಲೆಂದು ತಿಳಿಯುತ್ತಿಲ್ಲ. ಇಷ್ಟು ವರ್ಷ ನಾನು ಯಾರ ಮೇಲೆ ಮುನಿಸಿಕೊಂಡಿದ್ದೆ? ಹೆಸರೇ ಗೊತ್ತಿಲ್ಲದ ಯಾವುದೋ ಹೆಂಗಸಿನ ಮೇಲೆ. ಆವತ್ತು ನೀನು ಒಂದು ಮಾತು, “ರಜೆ ಹಾಕಿ ಬಂದೆ ಪುಟ್ಟಾ” ಎಂದಿದ್ದರೆ ಸಾಕಿತ್ತಲ್ಲ. ನಾನೂ ಕೇಳಬಹುದಿತ್ತು. ಕೇಳಲಿಲ್ಲ.

ಸಂಪಾದಕಿಗೆ ಏನೂ ತಿಳಿಸಿಲ್ಲ. ಏನು ಮಾಡುವುದೆಂದು ತೋಚುತ್ತಿಲ್ಲ.

ಮಗಳು


ಏಪ್ರಿಲ್ ೨

ವಟವಟ,

ಉತ್ತರ ಬರೆಯಬೇಕಾಗಿಲ್ಲ. ಸುಮ್ಮನೆ ತಿಳಿಸುತ್ತಿದ್ದೇನೆ. ಗಂಟೆ ಎರಕ ಹೊಯ್ಯುವವರ ಬಗ್ಗೆ ಓದಿದೆ. ದನಿ ಸರಿಬಾರದ ಗಂಟೆಯನ್ನು ಒಡೆದು, ಅದೇ ಲೋಹವನ್ನು ಕರಗಿಸಿ ಮತ್ತೆ ಹೊಯ್ಯುತ್ತಾರಂತೆ. ಲೋಹ ದಂಡವಾಗುವುದಿಲ್ಲ. ಇದನ್ನು ನಿನಗೆ ಬುದ್ಧಿ ಹೇಳಲು ಬರೆದದ್ದಲ್ಲ. ಆದರೂ ಬರೆದೆ.

ಊಟ ಸರಿಯಾಗಿ ಮಾಡು.

ಅಮ್ಮ


ಏಪ್ರಿಲ್ ೨೬

ಅಮ್ಮ,

ಸಂಪಾದಕಿಗೆ ಹೇಳಿದೆ. ತಲೆ ಮೇಲೆ ಕೈ ಹೊತ್ತಳು. ಅಚ್ಚು ನಿಂತಿದೆ. ಆಮೇಲೆ ಅವಳೇ, ಇದನ್ನು ಹೀಗೇ ಬರೆ ಎಂದಳು.

ಬರೆದೆ. ಕರೆಯನ್ನು ತೆಗೆಯಲಿಲ್ಲ. ಅದು ಇದ್ದಲ್ಲೇ ಇದೆ, ಒದ್ದೆ ಕೊಡೆಯೂ ಇದೆ. ಅದರ ಮುಂದೆ ಹೊಸ ಅಧ್ಯಾಯ, ಸದ್ದಿಲ್ಲದಾಗ ಗುಂಡಿ ಒತ್ತುವವರ ಬಗ್ಗೆ. ಆ ಪೆಟ್ಟಿಗೆಯಲ್ಲಿ ಕೂತವರನ್ನು ನೋಡಿ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಈಗ ನಾನೂ ಅದರಲ್ಲಿ ಕೂತಿದ್ದೇನೆ. ಜ್ವರದಲ್ಲಿ, ಮಳೆಯಲ್ಲಿ, ನನಗೆ ಬೇಕಿದ್ದದ್ದು ಒಂದೇ ದನಿ. ಯಾರು ಮಾತಾಡಿದ್ದರೂ ಅದು ನೀನೇ ಆಗುತ್ತಿದ್ದೆ. ಬೈದಿದ್ದರೂ ನೀನೇ.

ತಿದ್ದಿದ ಪ್ರತಿಯನ್ನೂ ಹೊಸ ಪದಸೂಚಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ನೀನು ಹೇಗೂ ಅಲ್ಲಿಂದಲೇ ಶುರು ಮಾಡುವವಳು. ‘ಕೆಲಸದ ದನಿ’ಯನ್ನು ನಿನ್ನ ಹೆಸರಿನ ಕೆಳಗಿನಿಂದ ತೆಗೆದು ‘ಕಚೇರಿ’ಯ ಕೆಳಗೆ ಹಾಕಿದ್ದೇನೆ. ‘ರಜೆ ಕೇಳಿದ್ದು’ ಸೇರಿದೆ. ‘ನಗು’ ಸೇರಿದೆ, ಪಕ್ಕದ ಮೇಜಿನವಳ ಗಂಡನ ದಯೆಯಿಂದ.

‘ಅಮ್ಮ’ನ ಕೆಳಗೆ ಒಂದು ಪದದ ಮುಂದೆ ಪುಟ ಹಾಕಿಲ್ಲ. ‘ದನಿ, ಫೋನಿನಲ್ಲಿ’. ಅದನ್ನು ನಾನು ಕೇಳಿಯೇ ಇಲ್ಲ ಎಂದು ಈಗ ಗೊತ್ತಾಯಿತು. ಸಂಪಾದಕಿ ಅದನ್ನು ಹೊಡೆದುಹಾಕು ಅನ್ನುತ್ತಿದ್ದಾಳೆ. ಸ್ವಲ್ಪ ತಡಿ ಎಂದಿದ್ದೇನೆ.

ನಿನ್ನ,
ವಟವಟ


ಮೇ ೧೪

ವಟವಟ,

ಪುಸ್ತಕ ಓದಿದೆ. ಈ ಸಲ ಮೊದಲ ಪುಟದಿಂದ ಕೊನೆಯವರೆಗೆ, ಒಂದನ್ನೂ ಹಾರಿಸದೆ. ನನ್ನ ಜನ್ಮದಲ್ಲಿ ಹೀಗೆ ಓದಿದ್ದು ಇದೇ ಮೊದಲು. ಅಭಿಪ್ರಾಯ ಹೇಳುತ್ತೇನೆ, ಮುನಿಸಿಕೊಳ್ಳಬೇಡ. ಎರಡನೇ ಅಧ್ಯಾಯ ಉದ್ದವಾಯಿತು, ಕಿವಿಯೊಳಗಿನ ಎಲುಬುಗಳನ್ನು ಅಷ್ಟು ಹೊತ್ತು ಎಣಿಸಬೇಕಾಗಿರಲಿಲ್ಲ. ‘ಪ್ರಸ್ತುತ’ ಎಂಬ ಪದವನ್ನು ಕಂಡಕಂಡಲ್ಲಿ ಚೆಲ್ಲಿದ್ದೀಯ. ಬಾಟಲಿ ಕಾರ್ಖಾನೆಯ ಮುದುಕ, ಮೊಮ್ಮಗಳು ಪಿಸುಗುಟ್ಟಿದ್ದು ಕೇಳಲಿಲ್ಲವೆಂದು ಪರೀಕ್ಷೆಗೆ ಬಂದವನು, ಅವನ ಹತ್ತಿರ ಬಂದಾಗ ಅತ್ತೆ. ನನ್ನ ಅಧ್ಯಾಯದಲ್ಲಿ ಅಳಲಿಲ್ಲ. ಅಲ್ಲಿ ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

ಕೊನೆಯ ಪುಟ ಮುಗಿದ ಮೇಲೂ ಮಾಮೂಲಿನಂತೆ ಏಳಬೇಕೆನಿಸಲಿಲ್ಲ. ಕುರ್ಚಿಯಲ್ಲೇ ಕೂತಿದ್ದೆ. ಲೈಬ್ರರಿಯವರು ಬಂದು ಬಾಗಿಲಲ್ಲಿ ಕೆಮ್ಮಿ ಕೆಮ್ಮಿ ಸಾಕಾಗಿ ಪುಸ್ತಕಗಳನ್ನು ಹೊರಗೇ ಇಟ್ಟುಹೋಗಿದ್ದಾರೆ.

ಮಂಗಳವಾರ ಫೋನಿನವರು ಬಂದು ತಂತಿ ಎಳೆದುಹೋದರು. ಬೆಳ್ಳನೆಯ ಫೋನ್, ರೇಡಿಯೋ ಪಕ್ಕದಲ್ಲಿ, ನಿನ್ನ ಕಟ್ಟು ಇದ್ದ ಜಾಗಕ್ಕೆ ಹತ್ತಿರ. ನಂಬರನ್ನು ಈ ಹಾಳೆಯ ತಲೆಯಲ್ಲಿ ದಪ್ಪಗೆ ಬರೆದಿದ್ದೇನೆ. ಇನ್ನೂ ಯಾರಿಗೂ ಕೊಟ್ಟಿಲ್ಲ. ಎತ್ತಿ ಮಾತಾಡುವುದನ್ನು ನಿನ್ನೆ ಖಾಲಿ ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದೆ. ಎಷ್ಟು ಪ್ರಯತ್ನಪಟ್ಟರೂ ಬಾಯಿಗೆ ಮೊದಲು ಬರುವುದು “ವಿಚಾರಣೆ” ಎಂದೇ. ಹೆದರಬೇಡ. ಅದು ದೊಡ್ಡ ಕಿವಿ, ನಾನಲ್ಲ. ಅವಳು ಮುಗಿಸಲಿ, ಸ್ವಲ್ಪ ತಾಳಿಕೋ.

ಭಾನುವಾರ ಮಾಡು. ಈ ಸಲ ಬೇರೆ ಮೇಜಿಗೆ ಹೋಗುವುದಿಲ್ಲ, ಇಲ್ಲಿರುವುದು ಒಂದೇ ಮೇಜು. ಅಮ್ಮಾ ಅಂದರೆ ಸಾಕು. ಪೂರ್ತಿ ಹೆಸರು ಕೇಳುವುದಿಲ್ಲ.

ಇತಿ,
ಆ ಹೆಸರಿನಲ್ಲಿ ಇರುವವಳು